ಅಜ್ಜನ ಕೀರ್ದಿಯಲ್ಲಿ ಸಿಕ್ಕ ಹಾಲಿ ನೋಟುಗಳು

ಮೂರು ವರ್ಷಗಳ ಹಿಂದೆ ಕೊಪ್ಪಳದ ನಮ್ಮ ಹಳೆಯ ಮನೆಯನ್ನು ಬಿಚ್ಚುವ ಮುನ್ನ ಅಟ್ಟದ ಸಾಮಾನುಗಳನ್ನು ಕೆಳಗಿಳಿಸುತ್ತಿದ್ದಾಗ, ಕೆಂಪು ಬಟ್ಟೆಯ ರಟ್ಟು ಹೊದಿಸಿದ ಐದು ಉದ್ದನೆಯ ಕೀರ್ದಿ ಪುಸ್ತಕಗಳು ಗೋಣಿಚೀಲವೊಂದರಲ್ಲಿ ಸಿಕ್ಕವು. ನಮ್ಮ ಅಜ್ಜ ಶೇಂಗಾ ಮತ್ತು ಹತ್ತಿಯ ದಲಾಲಿ ಅಂಗಡಿ ಇಟ್ಟಿದ್ದವರು. ಅವರ ಕೈಬರಹದ ಲೆಕ್ಕವನ್ನು ನೋಡಬೇಕೆಂಬ ಆಸೆಯಿಂದ ಪುಟ ತಿರುವುತ್ತ ಹೋದಂತೆ, ಒಂದು ಪುಸ್ತಕದ ನಡುವೆ ಒಂದು ರೂಪಾಯಿಯ ಎರಡು ನೋಟುಗಳೂ ಐದು ರೂಪಾಯಿಯ ಒಂದು ನೋಟೂ ಕಂಡವು. ನಾವು ನೋಡಿದ ಯಾವ ನೋಟಿಗೂ ಅವು ಹೋಲುತ್ತಿರಲಿಲ್ಲ. ಗಾಂಧೀಜಿಯೂ ಇಲ್ಲ, ಅಶೋಕಸ್ತಂಭದ ಸಿಂಹಗಳೂ ಇಲ್ಲ, ಬ್ರಿಟಿಷ್ ದೊರೆಯ ಮುಖವೂ ಇಲ್ಲ. ತುಂಬ ಉರ್ದು ಬರಹ. ಅಂಗಳದಲ್ಲಿ ಕುಳಿತಿದ್ದ ನಮ್ಮ ಸೋದರತ್ತೆಯ ಕೈಗೆ ಕೊಟ್ಟಾಗ, ಎಂಬತ್ತಾರು ವರ್ಷದ ಆಕೆ ಕನ್ನಡಕ ಹಾಕಿಕೊಳ್ಳದೆಯೇ ಗುರುತು ಹಿಡಿದರು: "ತಮ್ಮಾ, ಇವು ಹಾಲಿ ರೊಕ್ಕ. ಹೊಳಿ ಆಚೆ ನಡೀತಿದ್ದಿಲ್ಲ, ಅಲ್ಲಿ ಕಲ್ದಾರನ ಬೇಕಾಗ್ತಿತ್ತು."

ಆ ಒಂದು ಮಾತಿನಲ್ಲಿ ನಮ್ಮ ಭಾಗದ ಇತಿಹಾಸದ ದೊಡ್ಡ ತುಣುಕೊಂದು ಅಡಗಿದೆ. 1800ರಲ್ಲಿ ನಿಜಾಮರು ಬಳ್ಳಾರಿಯ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ತುಂಗಭದ್ರೆಯೇ ಗಡಿಯಾಯಿತು. ಹೊಸಪೇಟೆ, ಬಳ್ಳಾರಿಗಳು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದವು. ರಾಯಚೂರು, ಕೊಪ್ಪಳ, ಗಂಗಾವತಿಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಉಳಿದವು. ಆಚೆಯ ದಂಡೆಯಲ್ಲಿ ನಡೆಯುತ್ತಿದ್ದದ್ದು ಬ್ರಿಟಿಷ್ ಸರ್ಕಾರದ ಕಲ್ದಾರ್ ರೂಪಾಯಿ, ಈಚೆಯ ದಂಡೆಯಲ್ಲಿ ನಿಜಾಮರ ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬುದು ನಿಗದಿಯಾದ ವಟ್ಟ; ಅಂದರೆ ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಅಜ್ಜನ ಕೀರ್ದಿಯಲ್ಲಿ ಪ್ರತಿ ಮೊತ್ತದ ಮುಂದೆ 'ಹಾ' ಅಥವಾ 'ಕ' ಎಂಬ ಪುಟ್ಟ ಅಕ್ಷರವಿದೆ. ಹೊಸಪೇಟೆಯ ವ್ಯಾಪಾರಿಯಿಂದ ಬಂದ 300 ಕಲ್ದಾರ್ ರೂಪಾಯಿಯನ್ನು ಮರುಸಾಲಿನಲ್ಲಿ 350 ಹಾಲಿ ಎಂದು ಬರೆದು, ಕೆಳಗೆ ಗೆರೆ ಎಳೆದಿದ್ದಾರೆ. ಒಂದೇ ಹೊಳೆಯ ನೀರು ಕುಡಿಯುವ ಜನ ಒಂದು ಮೂಟೆ ಶೇಂಗಾ ಮಾರಲು ಎರಡು ಲೆಕ್ಕ ಇಡಬೇಕಾಗಿತ್ತೆಂಬುದು ನನಗೆ ಅರ್ಥವಾದದ್ದು ಆ ಎರಡು ಅಕ್ಷರಗಳಿಂದಲೇ.

ಸಂಸ್ಥಾನಗಳು ತಮ್ಮದೇ ಕಾಗದದ ಹಣ ಹೊರಡಿಸುವುದನ್ನು ಬ್ರಿಟಿಷರು ಬಹುಕಾಲ ಒಪ್ಪಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ತೀವ್ರ ಅಭಾವ ಉಂಟಾಗಿ, ಹೈದರಾಬಾದು ಯುದ್ಧಕ್ಕೆ ದೊಡ್ಡ ನೆರವನ್ನೂ ನೀಡಿದ್ದರಿಂದ, 1918ರಲ್ಲಿ ಅನುಮತಿ ದೊರೆಯಿತು. ಮೊದಲು 10 ಮತ್ತು 100 ರೂಪಾಯಿಯ ನೋಟುಗಳು ಹೊರಬಂದವು. 1919ರಲ್ಲಿ 1 ಮತ್ತು 5 ರೂಪಾಯಿಯವೂ, 1926ರಲ್ಲಿ 1000 ರೂಪಾಯಿಯದೂ ಬಂದವು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರಿನಲ್ಲಿ ಇವನ್ನು ಉಸ್ಮಾನಿಯಾ ಸಿಕ್ಕಾ ಎಂದು ಕರೆದರೂ, ಜನರ ಬಾಯಲ್ಲಿ ಅವು ಹಾಲಿಯಾಗಿಯೇ ಉಳಿದವು. ಆರಂಭದ ನೋಟುಗಳನ್ನು ಲಂಡನ್ನಿನ ವಾಟರ್‌ಲೋ ಸಂಸ್ಥೆ ಮುದ್ರಿಸಿತು. ನಾಸಿಕದ ಮುದ್ರಣಾಲಯ ಆರಂಭವಾದ ಮೇಲೆ ಮುದ್ರಣ ಅಲ್ಲಿಗೆ ಬಂತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿದ ನಂತರವೂ ಕೆಲವು ವರ್ಷ ಹಾಲಿ ಹಣ ಚಲಾವಣೆಯಲ್ಲಿತ್ತು. ಆದ್ದರಿಂದಲೇ ನಮ್ಮ ಭಾಗದ ಹಳೆಯ ಮನೆಗಳ ಸಂದೂಕುಗಳಲ್ಲಿ, ದೇವರ ಗೂಡಿನಲ್ಲಿ, ಮದುವೆಯ ಲೆಕ್ಕದ ಚೀಟಿಗಳ ನಡುವೆ ಇವು ಇನ್ನೂ ಸಿಗುವ ಸಾಧ್ಯತೆ ಇದೆ. ಈ ಬರಹ ಮುಖ್ಯವಾಗಿ ಅಂಥ ಮನೆಯವರಿಗಾಗಿ.

ನೋಟು ಕೈಗೆ ಸಿಕ್ಕಾಗ ಮೊದಲು ಮಾಡಬೇಕಾದ ಕೆಲಸ ಅದನ್ನು ಓದುವುದು, ಬೆಲೆ ಕೇಳುವುದಲ್ಲ. ಹೈದರಾಬಾದಿನ ನೋಟಿನಲ್ಲಿ ಉರ್ದುವಿನ ಜೊತೆಗೆ ಇಂಗ್ಲಿಷ್, ಮರಾಠಿ, ತೆಲುಗು ಮತ್ತು ಕನ್ನಡದಲ್ಲಿಯೂ ಮೊತ್ತ ಬರೆದಿರುತ್ತದೆ. ನಮ್ಮ ಐದು ರೂಪಾಯಿಯ ನೋಟನ್ನು ಕಿಟಕಿಯ ಬಳಿ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತಿದ್ದಾಗ, ಹೆಬ್ಬೆರಳಿನ ಎಣ್ಣೆಯಿಂದ ಮಸುಕಾದ ಜಾಗದಲ್ಲಿ ಪುಟ್ಟ ಕನ್ನಡ ಅಕ್ಷರಗಳು ಮೆಲ್ಲನೆ ಕಣ್ಣಿಗೆ ಕೂಡಿದ ಗಳಿಗೆಯನ್ನು ನಾನು ಮರೆಯಲಾರೆ. ಉರ್ದುವೇ ಆಡಳಿತ ಭಾಷೆಯಾಗಿದ್ದ, ಕಚೇರಿಯ ಕಾಗದವನ್ನು ಓದಿಸಿಕೊಳ್ಳಲು ನಮ್ಮ ರೈತರು ಮುನ್ಷಿಯ ಮನೆಗೆ ಹೋಗಬೇಕಾಗಿದ್ದ ಕಾಲದಲ್ಲಿ, ಅವರ ಕಿಸೆಯಲ್ಲಿದ್ದ ಕಾಗದದ ಮೇಲೆ ಈ ಒಂದು ಸಾಲು ಅವರದೇ ಭಾಷೆಯಲ್ಲಿತ್ತು.

ಅನಂತರ ನೋಡಬೇಕಾದದ್ದು ಕಾಲ. ಹೈದರಾಬಾದಿನ ಆರಂಭದ ನೋಟುಗಳಲ್ಲಿ ಫಸ್ಲಿ ವರ್ಷವಿದೆ, ಅಂದರೆ ನಿಜಾಮರ ಆಡಳಿತದಲ್ಲಿ ನಡೆಯುತ್ತಿದ್ದ ಸೌರಮಾನದ ಕಂದಾಯ ವರ್ಷ. ಅದಕ್ಕೆ 590 ಕೂಡಿಸಿದರೆ ಸುಮಾರಾಗಿ ಇಸವಿ ಸಿಗುತ್ತದೆ. 1331 ಫಸ್ಲಿ ಎಂದರೆ 1921-22. ನಾಣ್ಯಗಳಲ್ಲಿರುವುದು ಹಿಜರಿ ವರ್ಷ. ಅದು ಚಾಂದ್ರಮಾನವಾದ್ದರಿಂದ ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ, ಮತ್ತು ಎರಡನ್ನೂ ಬೆರೆಸಿಕೊಂಡು ತಪ್ಪು ಇಸವಿ ಹೇಳುವವರು ಬಹಳ. ಉರ್ದು ಅಂಕಿಗಳನ್ನು ಓದುವುದು ಒಂದು ಸಂಜೆಯ ಕಲಿಕೆ: ಒಂದು ಎಂದರೆ ನೆಟ್ಟನೆಯ ಗೀಟು, ಐದು ತಲೆಕೆಳಗಾದ ಪುಟ್ಟ ಹೃದಯ, ಏಳು ಇಂಗ್ಲಿಷಿನ ವಿ ಅಕ್ಷರದಂತೆ, ಎಂಟು ಅದನ್ನೇ ಬೋರಲು ಹಾಕಿದಂತೆ, ಸೊನ್ನೆ ಬರೀ ಚುಕ್ಕೆ. ಅಕ್ಷರಗಳನ್ನು ಬಲದಿಂದ ಎಡಕ್ಕೆ ಬರೆದರೂ ಅಂಕಿಗಳನ್ನು ನಮ್ಮಂತೆಯೇ ಎಡದಿಂದ ಬಲಕ್ಕೆ ಓದಬೇಕು.

ವರ್ಷವಿಲ್ಲದ ನೋಟಿನಲ್ಲಿ ಸಹಿಯೇ ಕಾಲವನ್ನು ಹೇಳುತ್ತದೆ. ಸಂಸ್ಥಾನದ ಹಣಕಾಸಿನ ಹೊಣೆ ಹೊತ್ತವರ ಸಹಿ ಅಲ್ಲಿರುತ್ತದೆ. ಹೈದರ್ ನವಾಜ್ ಜಂಗ್ ಎಂಬ ಸಹಿ ಕಂಡರೆ ಅದು ಸರ್ ಅಕ್ಬರ್ ಹೈದರಿಯವರದು. ಗುಲಾಮ್ ಮುಹಮ್ಮದ್ ಎಂದಿದ್ದರೆ 1940ರ ದಶಕದ ನೋಟು. ಆ ವ್ಯಕ್ತಿಯೇ ಮುಂದೆ ಪಾಕಿಸ್ತಾನದ ಗವರ್ನರ್ ಜನರಲ್ ಆದರು. ಅದೇ ದಶಕದಲ್ಲಿ ಸಹಿ ಮಾಡಿದ ಜಾಹಿದ್ ಹುಸೇನ್ ಪಾಕಿಸ್ತಾನದ ಸ್ಟೇಟ್ ಬ್ಯಾಂಕಿನ ಮೊದಲ ಗವರ್ನರ್ ಆದರು. ಒಂದೇ ಮುಖಬೆಲೆಯ, ಒಂದೇ ಚಿತ್ರದ ಎರಡು ನೋಟುಗಳಲ್ಲಿ ಒಂದು ಸುಲಭವಾಗಿ ಸಿಗುವಂಥದ್ದೂ ಇನ್ನೊಂದು ವಿರಳವೂ ಆಗಿರಲು ಸಹಿಯೊಂದೇ ಕಾರಣವಾಗಬಹುದು.

ಹೊಳೆಯಾಚೆಯ ನೋಟುಗಳಿಗೂ ಇದೇ ಮಾತು ಸಲ್ಲುತ್ತದೆ. ಬಳ್ಳಾರಿಯ ಮನೆಗಳಲ್ಲಿ ಸಿಗುವ ಐದನೆಯ ಜಾರ್ಜ್‌ನ ಒಂದು ರೂಪಾಯಿಯ ನೋಟು 1917ರ ನವೆಂಬರ್ 30ರಂದು ಮೊದಲು ಹೊರಬಂದದ್ದು. ಆಗ ಇಪ್ಪತ್ತೈದು ನೋಟುಗಳನ್ನು ಪುಸ್ತಕದಂತೆ ಕಟ್ಟಿ ಕೊಡುತ್ತಿದ್ದರು. ಎರಡು ರೂಪಾಯಿ ಎಂಟು ಆಣೆಯ ನೋಟು ಬಂದದ್ದು ಅದರ ಮರುವರ್ಷ, ಮತ್ತು ಅದು ನಿಜಕ್ಕೂ ವಿರಳ. ರಿಸರ್ವ್ ಬ್ಯಾಂಕಿನ ಹೆಸರಿನ ಮೊದಲ ನೋಟು 1938ರ ಜನವರಿಯ ಐದು ರೂಪಾಯಿ, ಅದಕ್ಕೆ ಆಗಿನ ಗವರ್ನರ್ ಜೆ. ಬಿ. ಟೇಲರ್ ಸಹಿ ಇದೆ. ಒಂದು ರೂಪಾಯಿಯ ನೋಟಿಗೆ ಮಾತ್ರ ಗವರ್ನರರ ಸಹಿ ಇರುವುದಿಲ್ಲ, ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. ಸ್ವತಂತ್ರ ಭಾರತದ 1949ರ ಮೊದಲ ನೋಟಿಗೆ ಸಹಿ ಹಾಕಿದವರು ಕೆ. ಆರ್. ಕೆ. ಮೆನನ್.

ಅಸಲಿಯೋ ನಕಲಿಯೋ ಎಂಬ ಪರೀಕ್ಷೆಯಲ್ಲಿ ನಾನು ಎರಡು ಉಪಕರಣಗಳನ್ನು ನಂಬುತ್ತೇನೆ. ಒಂದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಅಸಲಿ ನೋಟಿನ ಗೆರೆಗಳು ಎಷ್ಟೇ ಸಣ್ಣದಾಗಿದ್ದರೂ ಕಡಿಯದೆ ಹರಿಯುತ್ತವೆ. ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲಿಯಲ್ಲಿ ಗೆರೆಯ ಬದಲು ಬಣ್ಣಬಣ್ಣದ ಚುಕ್ಕೆಗಳ ರಾಶಿ ಕಾಣುತ್ತದೆ. ಇನ್ನೊಂದು, ಖೋಟಾ ನೋಟು ಪತ್ತೆ ಮಾಡಲು ಅಂಗಡಿಗಳಲ್ಲಿ ಇಡುವ ಯುವಿ ದೀಪ. ಹಳೆಯ ಚಿಂದಿಬಟ್ಟೆಯ ನಾರಿನ ಕಾಗದ ಆ ದೀಪದಡಿ ಮಂಕಾಗಿಯೇ ಇರುತ್ತದೆ. ಇತ್ತೀಚಿನ ಸಾಧಾರಣ ಕಾಗದಕ್ಕೆ ಬಿಳುಪು ಕೊಡುವ ರಾಸಾಯನಿಕ ಸೇರಿಸಿರುವುದರಿಂದ ಅದು ನೀಲಿಬಿಳಿಯಾಗಿ ಹೊಳೆಯುತ್ತದೆ. ಆದರೆ ಹೊಳೆದದ್ದೆಲ್ಲ ನಕಲಿಯೂ ಅಲ್ಲ. ಇದನ್ನು ನಾನು ಬೆಲೆ ತೆತ್ತು ಕಲಿತೆ.

ನಮ್ಮ ಎರಡು ಒಂದು ರೂಪಾಯಿ ನೋಟುಗಳಲ್ಲಿ ಹೆಚ್ಚು ಕೊಳೆಯಾಗಿದ್ದ ಒಂದನ್ನು ನಾಣ್ಯ ಮೇಳವೊಂದರಲ್ಲಿ ವ್ಯಾಪಾರಿಯೊಬ್ಬರಿಗೆ ತೋರಿಸಿದೆ. ಅವರು ಅದನ್ನು ಎತ್ತಿ ನೋಡಿ, "ಸರ್, ಸ್ವಲ್ಪ ಕ್ಲೀನ್ ಮಾಡಿಕೊಡ್ತೀನಿ, ರೇಟ್ ಡಬಲ್ ಆಗುತ್ತೆ" ಎಂದರು. ನನಗೆ ಆಗ ಏನೂ ತಿಳಿಯದು, ಕೊಟ್ಟುಬಿಟ್ಟೆ. ಎರಡು ವಾರದ ನಂತರ ಮರಳಿ ಬಂದ ನೋಟನ್ನು ನೋಡಿ ಮೊದಲ ಕ್ಷಣ ಸಂತೋಷವೇ ಆಯಿತು. ಮಡಿಕೆಗಳು ಕಾಣುತ್ತಿರಲಿಲ್ಲ, ಕಾಗದ ಬಿಳುಪಾಗಿತ್ತು. ಮನೆಗೆ ಬಂದು ಕೀರ್ದಿಯಲ್ಲೇ ಉಳಿದಿದ್ದ ಇನ್ನೊಂದು ನೋಟಿನ ಪಕ್ಕದಲ್ಲಿಟ್ಟಾಗ ನಿಜಸ್ಥಿತಿ ಕಂಡಿತು. ಮುಟ್ಟಿದರೆ ಕೈಗೆ ತಾಕುತ್ತಿದ್ದ ಶಾಯಿಯ ಉಬ್ಬು ಇಸ್ತ್ರಿಯ ಒತ್ತಡಕ್ಕೆ ಸಪಾಟಾಗಿತ್ತು. ಕಾಗದ ಅಲುಗಿಸಿದರೆ ಬರುತ್ತಿದ್ದ ಗರಿಗರಿ ಸದ್ದು ಹೋಗಿ ಒದ್ದೆ ಮಾಡಿ ಒಣಗಿಸಿದ ಬಟ್ಟೆಯಂತೆ ಆಗಿತ್ತು. ಅಂಚಿನಲ್ಲಿ ಹರಿದಿದ್ದ ಭಾಗವನ್ನು ಸಮ ಮಾಡಲು ಒಂದು ಬದಿಯನ್ನು ಕತ್ತರಿಸಿಯೂ ಇದ್ದರು. ಯುವಿ ದೀಪದಡಿ ಇಡೀ ನೋಟು ಸೋಪಿನ ಪುಡಿಯ ಬಿಳುಪಿನಿಂದ ಹೊಳೆಯಿತು. ಅಜ್ಜನ ಮುನೀಮರೋ ಇನ್ಯಾರೋ ಮೂಲೆಯಲ್ಲಿ ಬರೆದಿದ್ದ ಒಂದು ಸಣ್ಣ ಶಾಯಿಯ ಅಂಕಿ ಅಳಿಸಿಹೋಗಿತ್ತು. ಆ ಅಂಕಿಯ ಚಿತ್ರವನ್ನೂ ನಾನು ತೆಗೆದಿಟ್ಟುಕೊಂಡಿರಲಿಲ್ಲ. ಆ ವಿಷಯದ ನೋವು ಇವತ್ತಿಗೂ ಇದೆ.

ನೀರು ತಾಗಿದ ಮಾತ್ರಕ್ಕೆ ನೋಟು ಹಾಳಾಗುತ್ತದೆಂದು ಹೇಳಲಾರೆ. 1922ರ ಮೇ ತಿಂಗಳಲ್ಲಿ ಇಂಗ್ಲೆಂಡಿನಿಂದ ಮುಂಬಯಿಗೆ ಹೊರಟಿದ್ದ ಈಜಿಪ್ಟ್ ಎಂಬ ಹಡಗು ಫ್ರಾನ್ಸಿನ ತೀರದಾಚೆ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಅದರಲ್ಲಿ ಚಿನ್ನ, ಬೆಳ್ಳಿಗಳ ಜೊತೆಗೆ ಹೈದರಾಬಾದಿಗೆ ಬರಬೇಕಾಗಿದ್ದ ಹೊಸ ನೋಟುಗಳೂ ಇದ್ದವು. 1930ರ ದಶಕದ ಆರಂಭದಲ್ಲಿ ಇಟಲಿಯ ಮುಳುಗುಗಾರರು ಆ ಸರಕನ್ನು ಮೇಲೆತ್ತಿದಾಗ ನೋಟುಗಳೂ ಸಿಕ್ಕವು. ಹತ್ತು ವರ್ಷ ಸಮುದ್ರದ ತಳದಲ್ಲಿದ್ದ ಆ ಕಾಗದಗಳು ಇಂದಿಗೂ ಸಂಗ್ರಾಹಕರ ಬಳಿ ಇವೆ, ಮತ್ತು ನೀರಿನ ಕಲೆಯ ಕಾರಣದಿಂದಲೇ ಅವನ್ನು ಜನ ಹುಡುಕಿ ಕೊಳ್ಳುತ್ತಾರೆ. ಅಲ್ಲಿ ಕಲೆ ಆ ನೋಟಿನ ಚರಿತ್ರೆ. ನನ್ನ ನೋಟಿನಲ್ಲಿ ಇದ್ದ ಚರಿತ್ರೆಯನ್ನು ತೊಳೆದು ಹಾಕಲಾಯಿತು.

ಬೆಲೆಯ ವಿಷಯಕ್ಕೆ ಬರುತ್ತೇನೆ. ಹಳೆಯದಾದ ಮಾತ್ರಕ್ಕೆ ನೋಟು ಬೆಲೆಯುಳ್ಳದ್ದಾಗುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನ ಬಯಸುತ್ತಾರೆ, ಯಾವ ಸ್ಥಿತಿಯಲ್ಲಿದೆ ಎಂಬ ಮೂರೂ ಕೂಡಿ ಬೆಲೆ ನಿರ್ಧಾರವಾಗುತ್ತದೆ. ಮೂರರಲ್ಲಿ ನಮ್ಮ ಕೈಯಲ್ಲಿರುವುದು ಸ್ಥಿತಿ ಒಂದೇ. ಸಂಗ್ರಾಹಕರು ಅದನ್ನು 70 ಅಂಕಗಳ ಮಾಪಕದಲ್ಲಿ ಅಳೆಯುತ್ತಾರೆ. ಒಮ್ಮೆಯೂ ಮಡಿಸದ, ಚಲಾವಣೆಗೆ ಬಾರದ ನೋಟು ಅನ್‌ಸರ್ಕ್ಯುಲೇಟೆಡ್, ಅಂದರೆ ಯುಎನ್‌ಸಿ. ನಡುವೆ ಒಂದೇ ಲಘು ಮಡಿಕೆ ಬಿದ್ದರೆ ಒಂದು ಮೆಟ್ಟಿಲು ಕೆಳಗೆ. ನಾಲ್ಕಾರು ಮಡಿಕೆ ಇದ್ದೂ ಕಾಗದದಲ್ಲಿ ಬಿಗಿ ಉಳಿದಿದ್ದರೆ ವೆರಿ ಫೈನ್, ಅಂದರೆ ವಿಎಫ್. ಮೆತ್ತಗಾಗಿ ಮಾಸಿದ್ದರೆ ಫೈನ್ ಅಥವಾ ಅದಕ್ಕಿಂತ ಕೆಳಗೆ. ನಮ್ಮ ದೇಶದ ಬ್ಯಾಂಕುಗಳಲ್ಲಿ ನೋಟಿನ ಕಟ್ಟಿಗೆ ಪಿನ್ನು ಹೊಡೆಯುವ ಪದ್ಧತಿ ಇದ್ದುದರಿಂದ, 2001ರಲ್ಲಿ ರಿಸರ್ವ್ ಬ್ಯಾಂಕು ಅದನ್ನು ನಿಲ್ಲಿಸಲು ಸೂಚಿಸುವವರೆಗಿನ ನೋಟುಗಳಲ್ಲಿ ಎಡಬದಿಯ ಪಿನ್ನಿನ ತೂತು ಸಾಮಾನ್ಯ, ಮತ್ತು ಅನುಭವಸ್ಥರು ಅದನ್ನು ದೊಡ್ಡ ದೋಷವೆಂದು ಎಣಿಸುವುದಿಲ್ಲ. ತೂತನ್ನು ಅಂಟಿನಿಂದ ಮುಚ್ಚಿದ್ದರೆ ಮಾತ್ರ ಬೆಲೆ ಬಿದ್ದುಹೋಗುತ್ತದೆ.

ಯಾರಾದರೂ ಹೇಳಿದ ಬೆಲೆಯನ್ನಾಗಲಿ, ಜಾಲತಾಣದಲ್ಲಿ ಮಾರುವವನು ಬರೆದುಕೊಂಡ ಬೆಲೆಯನ್ನಾಗಲಿ ನಂಬಬೇಡಿ. ಅದೇ ಸಹಿಯ, ಅದೇ ಸ್ಥಿತಿಯ ನೋಟು ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತೆಂಬುದೊಂದೇ ಆಧಾರ. ಹರಾಜು ಸಂಸ್ಥೆಗಳು ಆ ಫಲಿತಾಂಶಗಳನ್ನು ಪ್ರಕಟಿಸುತ್ತವೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿಗೆ ಲಕ್ಷ ಸಿಗುತ್ತದೆ, 786 ಸಂಖ್ಯೆಯ ನೋಟಿಗೆ ಕಾರು ಬರುತ್ತದೆ ಎಂಬ ಸಂದೇಶಗಳು ನಮ್ಮ ಊರಿನ ಪ್ರತಿ ಮೊಬೈಲಿಗೂ ಬರುತ್ತವೆ. 786ಕ್ಕೆ ಬೇಡಿಕೆ ಇರುವುದು ನಿಜ, ಆದರೆ ಆ ಬೆಲೆಗಳು ಸುಳ್ಳು. ನೋಟು ಕೊಳ್ಳುವ ಮೊದಲು ನೋಂದಣಿ ಶುಲ್ಕ, ತೆರಿಗೆ ಎಂದು ಹಣ ಕೇಳುವುದೇ ಮೋಸದ ಗುರುತು. ಇಂಥವರು ತನ್ನ ಹೆಸರನ್ನು ಬಳಸಿಕೊಳ್ಳುತ್ತಿದ್ದಾರೆಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು. ಇನ್ನೊಂದು ಮಾತು: 2016ರಲ್ಲಿ ರದ್ದಾದ 500 ಮತ್ತು 1000ದ ನೋಟುಗಳನ್ನು ನೆನಪಿಗೆಂದು ಇಟ್ಟುಕೊಂಡವರು, 2017ರ ಕಾಯ್ದೆಯ ಪ್ರಕಾರ ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅಧ್ಯಯನ, ಸಂಶೋಧನೆ ಅಥವಾ ಸಂಗ್ರಹದ ಉದ್ದೇಶವಿದ್ದರೆ ಮಿತಿ ಇಪ್ಪತ್ತೈದು.

ಉಳಿದ ಎರಡು ನೋಟುಗಳ ಪೈಕಿ ಎರಡನೆಯ ಒಂದು ರೂಪಾಯಿಯ ಹಿಂಬದಿಯಲ್ಲಿ ಅಂಟುಪಟ್ಟಿ ಇದೆ. ಹರಿದ ಮಡಿಕೆಯನ್ನು ಕೂಡಿಸಲು ನಮ್ಮ ಕಾಕಾ ಯಾವಾಗಲೋ ಪ್ರೀತಿಯಿಂದಲೇ ಹಚ್ಚಿದ್ದು. ಪಟ್ಟಿ ಈಗ ಒಣಗಿ ಗರಿಯಾಗಿದೆ, ಅದರ ಅಂಟು ಮಾತ್ರ ನಾರಿನೊಳಗೆ ಇಳಿದು ಜೇನಿನ ಬಣ್ಣದ ಕಲೆಯಾಗಿ ಮುಂಬದಿಯಲ್ಲಿಯೂ ಮೂಡಿದೆ. ಕಾಗದ ಸಂರಕ್ಷಣೆಯ ಕೆಲಸ ಬಲ್ಲವರೊಬ್ಬರು ಅದನ್ನು ಎಳೆಯಬಾರದು, ಬಿಸಿ ತಾಗಿಸಬಾರದು, ಹಾಗೆಯೇ ಬಿಡಬೇಕೆಂದು ಹೇಳಿದರು. ಹಾಗೆಯೇ ಬಿಟ್ಟಿದ್ದೇನೆ. ಲ್ಯಾಮಿನೇಷನ್ ಮಾಡಿಸುವುದು ಇದಕ್ಕಿಂತ ಕೆಟ್ಟದ್ದು. ಬಿಸಿ ಪ್ಲಾಸ್ಟಿಕ್ಕಿನ ನಡುವೆ ಸಿಕ್ಕಿದ ನೋಟನ್ನು ಮತ್ತೆ ಬಿಡಿಸುವ ದಾರಿ ಇಲ್ಲವೆಂದೇ ತಿಳಿಯಿರಿ.

ಐದು ರೂಪಾಯಿಯ ನೋಟಿಗೆ ಯಾರೂ ಏನೂ ಮಾಡಿಲ್ಲ. ನಾಲ್ಕು ಮಡಿಕೆ, ಎರಡು ಪಿನ್ನಿನ ತೂತು, ಒಂದು ಮೂಲೆಯಲ್ಲಿ ಬೆಳ್ಳಿಹುಳ ಕೊರೆದ ಕಾಳಿನಷ್ಟು ಜಾಗ, ಅಷ್ಟೇ. ಅದನ್ನು ಈಗ ಪಾಲಿಯೆಸ್ಟರ್ ಹಾಳೆಯ ಲಕೋಟೆಯಲ್ಲಿ ಇಟ್ಟಿದ್ದೇನೆ. ಸ್ಟೇಷನರಿ ಅಂಗಡಿಯ ಮೆತ್ತಗಿನ ಪಿವಿಸಿ ಕವರುಗಳನ್ನು ಬಳಸಲೇಬಾರದು. ಹೊಸ ರೇನ್‌ಕೋಟಿನ ವಾಸನೆ ಬರುವ ಆ ಪ್ಲಾಸ್ಟಿಕ್ಕಿನಿಂದ ಕಾಲಕ್ರಮೇಣ ಎಣ್ಣೆಯಂಥ ಪದಾರ್ಥ ಹೊರಬಂದು ಶಾಯಿಗೆ ಹತ್ತುತ್ತದೆ. ಲಕೋಟೆ ನೋಟಿಗಿಂತ ಎರಡೂ ಕಡೆ ಬೆರಳಿನಷ್ಟು ದೊಡ್ಡದಿರಲಿ, ಹಿಂದೆ ಆಮ್ಲರಹಿತ ರಟ್ಟು ಇರಲಿ, ಮಲಗಿಸಿ ಇಡಿ.

ನಮ್ಮ ಸೀಮೆಯ ಹವೆ ಬೇರೆ ಬಗೆಯದು. ಕರಾವಳಿಯವರಿಗೆ ತೇವದ ಚಿಂತೆ. ನಮಗೆ ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಒಣಬಿಸಿಲು. ತಗಡಿನ ಮಾಳಿಗೆಯ ಕೆಳಗೆ, ಪಡುವಣ ಗೋಡೆಗೆ ತಾಗಿದ ಕಬ್ಬಿಣದ ಬೀರುವಿನಲ್ಲಿ ಇಟ್ಟ ಕಾಗದ ಹುರಿದ ಹಪ್ಪಳದಂತಾಗುತ್ತದೆ. ಮನೆಯ ನಡುಕೋಣೆಯ ಕೆಳಗಿನ ಕಪಾಟೇ ಒಳ್ಳೆಯದು. ತೇವ ಹೀರುವ ಸಿಲಿಕಾ ಕಾಳುಗಳ ಚೀಲವನ್ನು ಮಳೆಗಾಲದಲ್ಲಿ ಮಾತ್ರ ಇಟ್ಟು ಬೇಸಗೆಯಲ್ಲಿ ತೆಗೆಯುತ್ತೇನೆ. ಅತಿಯಾಗಿ ಒಣಗಿದ ಕಾಗದ ಮಡಿಕೆಯಲ್ಲೇ ಸೀಳುತ್ತದೆ. ನುಸಿಗುಳಿಗೆಯನ್ನು ನೋಟಿನ ಹತ್ತಿರ ಇಡುವುದಿಲ್ಲ. ಬೆಳ್ಳಿಹುಳ ಬರುವುದು ಹಳೆಯ ರಟ್ಟಿನ ಗಂಜಿಯ ಆಸೆಗೆ. ಆದ್ದರಿಂದ ಕೀರ್ದಿ ಪುಸ್ತಕಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ತಿಂಗಳಿಗೊಮ್ಮೆ ಪುಟ ತೆರೆದು ನೋಡುತ್ತೇನೆ. ಸಂಡೂರು, ಹೊಸಪೇಟೆಯ ಗಣಿದಾರಿಯ ಬಳಿ ಇರುವವರು ಕೆಂಪು ಧೂಳಿಗೆ ಅಂಜಬೇಕು. ಆ ಧೂಳು ನೋಟಿನ ಮೇಲೆ ಕುಳಿತರೆ ಬೆರಳಿನಿಂದ ಒರೆಸದೆ ಮೃದುವಾದ ಕುಂಚದಿಂದ ಒಂದೇ ದಿಕ್ಕಿಗೆ ಜಾಡಿಸಿ. ಕೈಗವಸಿಗಿಂತ, ತೊಳೆದು ಚೆನ್ನಾಗಿ ಒಣಗಿಸಿದ ಕೈಯೇ ಸುರಕ್ಷಿತವೆಂಬುದು ನನ್ನ ಅನುಭವ, ಏಕೆಂದರೆ ಗವಸಿನ ನೂಲು ಹರಿದ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಎರಡೂ ಬದಿಯನ್ನು ಒಮ್ಮೆ ಸ್ಕ್ಯಾನ್ ಮಾಡಿಟ್ಟುಕೊಂಡರೆ ಬಂದವರಿಗೆಲ್ಲ ಅಸಲು ತೆಗೆದು ತೋರಿಸುವ ಪ್ರಮೇಯ ಬರುವುದಿಲ್ಲ.

ಇನ್ನೂ ನೋಡಿ ಕಲಿಯಬೇಕೆನ್ನುವವರು ಬೆಂಗಳೂರಿಗೆ ಹೋದಾಗ ಬ್ರಂಟನ್ ರಸ್ತೆಯಲ್ಲಿ ರಿಜ್ವಾನ್ ರಜಾಕ್ ಅವರು ಸ್ಥಾಪಿಸಿರುವ ಭಾರತೀಯ ಕಾಗದದ ಹಣದ ವಸ್ತುಸಂಗ್ರಹಾಲಯಕ್ಕೆ ಭೇಟಿ ಕೊಡಬಹುದು. ನೋಟುಗಳನ್ನು ಗಾಜಿನಾಚೆ ಸಾಲಾಗಿ ನೋಡಿದಾಗ ಕಣ್ಣು ತಾನಾಗಿ ಪಳಗುತ್ತದೆ.

ಐದು ರೂಪಾಯಿಯ ನೋಟು ಇದ್ದ ಕೀರ್ದಿಯ ಪುಟದಲ್ಲಿ ಅದರ ಆಕಾರದ ಕಂದುಬಣ್ಣದ ಚೌಕ ಅಚ್ಚೊತ್ತಿದಂತೆ ಉಳಿದಿದೆ, ಮತ್ತು ಅದರ ಪಕ್ಕದಲ್ಲಿ ಅಜ್ಜನ ಕೈಯಲ್ಲಿ 'ಹಾ 5' ಎಂದು ಬರೆದಿದೆ. ನೋಟನ್ನು ಲಕೋಟೆಗೆ ಹಾಕುವ ಮುನ್ನ ಆ ಪುಟದ ಮೇಲೆಯೇ ಇಟ್ಟು ಚಿತ್ರ ತೆಗೆದು, ಪುಟದ ಸಂಖ್ಯೆ, ಸಿಕ್ಕ ದಿನ, ಅತ್ತೆ ಹೇಳಿದ ಮಾತು ಇವಿಷ್ಟನ್ನು ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ರಟ್ಟಿನ ಹಿಂದೆ ಸೇರಿಸಿದ್ದೇನೆ. ಅತ್ತೆ ಹೋದ ವರ್ಷ ತೀರಿಕೊಂಡರು. ಈಗ ನನ್ನ ಮಗಳು ಉರ್ದು ಅಂಕಿಗಳನ್ನು ಕಲಿತಿದ್ದಾಳೆ, ರಾಯಚೂರಿನ ಗೆಳತಿಯ ಮನೆಯಲ್ಲಿ ಹತ್ತು ರೂಪಾಯಿಯ ಹಾಲಿ ನೋಟೊಂದು ಸಿಕ್ಕಿದೆಯೆಂದು ಮೊನ್ನೆ ಫೋನು ಬಂದಾಗ, ಅವಳು ಮೊದಲು ಹೇಳಿದ ಮಾತು, "ಅದನ್ನ ಒರಸಬ್ಯಾಡ್ರಿ, ಇದ್ದಂಗ ಇಡ್ರಿ, ನಾವು ಬರ್ತೀವಿ."